ತಂಗಡಿ ಕಡಿದ ಕಡೆ

ತೊಂಬತ್ತೆಂಟರ ಆಗಸ್ಟಿನಲ್ಲಿ ಆ ಪಾಚಿ ಮೊದಲು ಕಣ್ಣಿಗೆ ಬಿದ್ದದ್ದು ಸಂಘಮಿತ್ರಾಗೆ. ಅದೂ ಕಾಲು ಜಾರಿ ಬಿದ್ದಾಗ. ಜಯನಗರದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಎರಡನೆಯ ವರ್ಷದಲ್ಲಿದ್ದ ಹದಿನಾಲ್ಕು ಮಂದಿಯನ್ನು ವಾರಿಜಾ ಮೇಡಂ ಸೋನೆಬಂಡೆಗೆ ಕರೆದುಕೊಂಡು ಹೋಗಿದ್ದರು. ಕುಮಾರಸ್ವಾಮಿ ಲೇಔಟಿನ ಕೊನೆಯ ಸೈಟುಗಳು ಮುಗಿದು, ಕಲ್ಲು ಒಡೆಯುವವರು ಬಿಟ್ಟುಹೋದ ಹಳ್ಳಗಳನ್ನು ದಾಟಿದರೆ ಎರಡಾಳೆತ್ತರದ ಒಂದು ಬಂಡೆ ಸಿಗುತ್ತಿತ್ತು. ಮಳೆ ನಿಂತು ತಿಂಗಳಾದರೂ ಅದರ ಬುಡ ಒಸರುತ್ತಲೇ ಇರುತ್ತಿದ್ದುದರಿಂದ ಆ ಹೆಸರು. ಬುಡದುದ್ದಕ್ಕೂ ತಂಗಡಿ ಗಿಡಗಳು ಎದೆಯೆತ್ತರಕ್ಕೆ ಬೆಳೆದು ಮೈತುಂಬ ಹಳದಿ ಹೂ ಬಿಟ್ಟಿದ್ದವು.

ಬಂಡೆಯ ಪಕ್ಕದಲ್ಲಿ ಹೋಗುವಾಗ ಸಂಘಮಿತ್ರಾ ಕೆಸರಿನಲ್ಲಿ ಜಾರಿ ತಂಗಡಿ ಪೊದೆಯೊಳಕ್ಕೆ ಬಿದ್ದಳು. ಏಳಲು ಬಂಡೆಗೆ ಕೈ ಊರಿದಾಗ ಅಂಗೈಗೆ ಮೆತ್ತಗೆ ಏನೋ ತಾಕಿತು. ನೋಡಿದರೆ ಅಂಗೈಯಗಲದ ಒಂದು ಪಾಚಿ. ಎಲ್ಲ ಕಡೆ ಕಾಣುವ ಪಾಚಿಯ ಹಸಿರಲ್ಲ, ಅಂಚಿನಲ್ಲಿ ತಾಮ್ರದ ಬಣ್ಣ ಹೊಡೆಯುವ ಗಾಢ ಹಸಿರು. ಲೆನ್ಸ್ ಹಿಡಿದು ನೋಡಿದಾಗ ಪ್ರತಿ ಎಲೆಯ ತುದಿಯೂ ಕೂದಲಿನ ಹಾಗೆ ಸುರುಳಿ ಸುತ್ತಿತ್ತು. ಮೇಡಂ ಬಂದು ಮಂಡಿಯೂರಿ ಹತ್ತು ನಿಮಿಷ ಅದರ ಮುಂದೆಯೇ ಕೂತರು.

ತಿಂಗಳೊಳಗೆ ವಿಷಯ ಗಟ್ಟಿಯಾಯಿತು. ಆ ಪಾಚಿಯನ್ನು ದಕ್ಷಿಣದಲ್ಲಿ ಇದಕ್ಕೆ ಮೊದಲು ಒಂದೇ ಒಂದು ಸಲ, ತೊಂಬತ್ತು ವರ್ಷದ ಹಿಂದೆ, ಬೇರೊಂದು ಬೆಟ್ಟದ ಮೇಲೆ ಕಂಡವರಿದ್ದರು. ಆ ಬೆಟ್ಟದಲ್ಲಿ ಈಗ ಅದಿಲ್ಲ. ಪತ್ರಿಕೆಯವರು ಬಂದರು, ಫೋಟೊ ತೆಗೆದರು. ಪ್ರಿನ್ಸಿಪಾಲರು ಶಾಲು ಹೊದಿಸಿದರು. ವಾರಿಜಾ ಮೇಡಂ ಎಲ್ಲರ ಮುಂದೆಯೂ ಇದನ್ನು ಕಂಡವಳು ನನ್ನ ವಿದ್ಯಾರ್ಥಿನಿ ಎಂದು ಹೇಳಿದರು, ಪ್ರಾಜೆಕ್ಟನ್ನೂ ಅವಳಿಗೇ ಕೊಟ್ಟರು. ಮೇಡಂ ಒಳ್ಳೆಯವರು, ಈ ಕಥೆಯಲ್ಲಿ ಅದನ್ನು ಮರೆಯಬಾರದು. ಮೂವತ್ತು ವರ್ಷ ಪಾಚಿಗಳ ಹಿಂದೆಯೇ ಅಲೆದು, ಮದುವೆ ಮನೆಗಳಿಗೂ ಲೆನ್ಸ್ ಹಾಕಿಕೊಂಡು ಹೋಗಿ ಬೈಸಿಕೊಂಡವರು.

ಸಂಘಮಿತ್ರಾ ಪುಟ್ಟೇನಹಳ್ಳಿಯವಳು. ಲೇಔಟುಗಳು ಏಳುವುದಕ್ಕೆ ಮೊದಲು ಅಲ್ಲಿದ್ದ ಹಳ್ಳಿಯವಳು. ತಂದೆ ಪಾಪಯ್ಯ ಸಿಟಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಎಪ್ಪತ್ತರ ದಶಕದಲ್ಲಿ ಬೌದ್ಧ ಧರ್ಮಕ್ಕೆ ಹೋದವನು, ಮಗಳಿಗೆ ಹೆಸರು ಹುಡುಕಿ ಇಟ್ಟವನೂ ಅವನೇ. ಪಾಪಯ್ಯನ ತಾಯಿ ಮುನಿಯಕ್ಕ ಆ ಹೆಸರನ್ನು ಪೂರ್ತಿ ಹೇಳಲು ಎಂದೂ ಹೋಗಲಿಲ್ಲ. ಅವಳಿಗೆ ಮೊಮ್ಮಗಳು ಸಂಗು. ಎಪ್ಪತ್ತು ದಾಟಿದ್ದರೂ ಅಜ್ಜಿ ವಾರಕ್ಕೆ ಎರಡು ದಿನ ಬುಟ್ಟಿ ಹಿಡಿದು ತಂಗಡಿ ಹೂ ಕೊಯ್ಯಲು ಹೋಗುತ್ತಿದ್ದಳು. ಒಣಗಿಸಿ ಇಟ್ಟರೆ ಸಕ್ಕರೆ ಕಾಯಿಲೆಯವರು ಕಷಾಯಕ್ಕೆಂದು ಮನೆಗೇ ಬಂದು ಒಯ್ಯುತ್ತಿದ್ದರು. ಮೊಮ್ಮಗಳು ಪ್ರತಿ ಸೋಮವಾರ ಮತ್ತು ಶುಕ್ರವಾರ ಬಂಡೆಗೆ ಹೋಗಿ ತೇವ, ಬಿಸಿಲು ಅಳೆಯಬೇಕೆಂದಾದಾಗ ಅಜ್ಜಿ ತನ್ನ ದಿನಗಳನ್ನೂ ಅದಕ್ಕೇ ಹೊಂದಿಸಿಕೊಂಡಳು.

ಮೊದಲ ತಿಂಗಳಲ್ಲಿ ಸಂಘಮಿತ್ರಾ ಬಂಡೆಯ ಬುಡವನ್ನೆಲ್ಲ ತಡಕಿ ಒಟ್ಟು ಹನ್ನೊಂದು ಕಡೆ ಆ ಪಾಚಿ ಇರುವುದನ್ನು ಗುರುತಿಸಿದಳು. ಅಜ್ಜಿ ಅವನ್ನು ತೇಪೆ ಎಂದು ಕರೆದಳು, ಮೊಮ್ಮಗಳ ನೋಟ್‌ಬುಕ್ಕಿನಲ್ಲೂ ಅದೇ ಹೆಸರು ಕೂತಿತು. ಒಂದನೆಯ ತೇಪೆ, ಎರಡನೆಯ ತೇಪೆ, ಹೀಗೆ. ನಕ್ಷೆ ಬರೆಯುವಾಗ ಅವಳಿಗೆ ಒಂದು ಸಂಗತಿ ಹೊಳೆಯಿತು. ಹನ್ನೊಂದೂ ತಂಗಡಿ ಗಿಡಗಳ ಹಿಂದೆಯೇ ಇದ್ದವು. ಗಿಡವಿಲ್ಲದ ಜಾಗದಲ್ಲಿ ಬಂಡೆ ಅಷ್ಟೇ ಒಸರುತ್ತಿದ್ದರೂ ಒಂದೂ ಇರಲಿಲ್ಲ.

ಅದನ್ನು ಹೇಳಿದಾಗ ಅಜ್ಜಿಗೆ ಆಶ್ಚರ್ಯವೇನೂ ಆಗಲಿಲ್ಲ. ಹೂ ಕೀಳುವುದನ್ನು ನಿಲ್ಲಿಸದೆಯೇ ಅವಳು ಹಳೆಯ ಕಾಲದ ಮಾತು ತೆಗೆದಳು. ಅವಳ ಗಂಡ ಪುಟ್ಟೇನಹಳ್ಳಿ ಕೆರೆಯ ಹಿಂದೆ ಚರ್ಮ ಹದ ಮಾಡುತ್ತಿದ್ದವನು. ಹದಕ್ಕೆ ತಂಗಡಿಯ ಚಕ್ಕೆ ಬೇಕು, ಗಿಡದ ತೊಗಟೆ ಸುಲಿದು ಕುಟ್ಟಿ ತೊಟ್ಟಿಯ ನೀರಿಗೆ ಹಾಕಬೇಕು. ಚಕ್ಕೆಗೆಂದು ಗಂಡಹೆಂಡಿರು ಈ ಬಂಡೆಯವರೆಗೂ ಬರುತ್ತಿದ್ದರಂತೆ.

"ನಿಮ್ಮ ತಾತ ಒಂದು ಗಿಡ ಸುಲಿದ್ರೆ ಮೂರು ಗಿಡ ಬಿಡೋನು," ಎಂದಳು ಮುನಿಯಕ್ಕ. "ಸುಲಿದ ಗಿಡ ಒಣಗೋದು. ಅದು ಒಣಗಿದ್ರೆ ಅದರ ಹಿಂದಿನ ಬಂಡೆ ಮೇಲಿನ ಹಸಿರೂ ಒಣಗಿ ಉದುರೋದು. ಮತ್ತೆ ಬರ್ತಿರ್ಲಿಲ್ಲ. ನಾನು ಕಂಡಿದ್ದೀನಿ."

ಸಂಘಮಿತ್ರಾ ಆ ಮಾತನ್ನು ತಾರೀಖಿನ ಸಮೇತ ಬರೆದುಕೊಂಡಳು. ಅಂದಿನಿಂದ ಅವಳು ಪಾಚಿಯ ಜೊತೆ ತಂಗಡಿಯನ್ನೂ ಅಳೆಯತೊಡಗಿದಳು. ಎರಡನ್ನೂ ಎದುರುಬದುರು ಇಟ್ಟು ನೋಡಿದಷ್ಟೂ ಅವಳಿಗೆ ಹುಚ್ಚು ಹಿಡಿಯಿತು. ಪಾಚಿಗೆ ಬೇರೇ ಇಲ್ಲ, ಎಲೆಯ ದಪ್ಪ ಒಂದೇ ಒಂದು ಕೋಶದಷ್ಟು. ನೀರು ಸಿಕ್ಕಾಗ ಕುಡಿಯುತ್ತದೆ, ಸಿಗದಿದ್ದಾಗ ಸತ್ತಂತೆ ಒಣಗಿ ಕಾಯುತ್ತದೆ. ತಂಗಡಿ ಕಾಯುವ ಜಾತಿಯದ್ದಲ್ಲ. ಬೇರನ್ನು ಆಳಕ್ಕಿಳಿಸಿ, ಬಂಡೆಯ ಸಂದಿನಲ್ಲಿ ನುಗ್ಗಿ, ಎಲ್ಲೋ ಇರುವ ನೀರನ್ನು ಹುಡುಕಿ ತಂದು ಏಪ್ರಿಲ್ ಬಿಸಿಲಿನಲ್ಲೂ ಹೂ ಬಿಡುತ್ತದೆ. ಒಂದು ನಾಡಿಗೇ ಅಪರೂಪ. ಇನ್ನೊಂದು ಪಾಳು ಸೈಟು, ರಸ್ತೆಯ ಅಂಚು, ಸ್ಮಶಾನದ ಬೇಲಿ ಎಲ್ಲೆಂದರಲ್ಲಿ. ಗಿಡದ ಹಿಂದೆ ಮಧ್ಯಾಹ್ನದ ಬಿಸಿಲು ಹೊರಗಿನದರ ಮೂರನೆಯ ಒಂದು ಭಾಗಕ್ಕಿಳಿಯುತ್ತಿತ್ತು, ತೇವ ಎರಡರಷ್ಟಿರುತ್ತಿತ್ತು. ಪಾಚಿ ಬದುಕಿದ್ದು ತಂಗಡಿಯ ಹಿಂದೆ ಅವಿತು. ಪ್ರಾಜೆಕ್ಟಿಗೆ ಅವಳು ಕೊಟ್ಟ ಹೆಸರು, ಒಂದು ಅಪರೂಪದ ಪಾಚಿ ಮತ್ತು ತಂಗಡಿ: ಒಂದು ಹೋಲಿಕೆ.

ವಾರಿಜಾ ಮೇಡಂಗೆ ಆ ಹೆಸರು ಹಿಡಿಸಲಿಲ್ಲ. ಹೋಲಿಸಬೇಕಾದರೆ ಇನ್ನೊಂದು ಪಾಚಿಯ ಜೊತೆ ಹೋಲಿಸು, ಹೂ ಬಿಡುವ ಗಿಡದ ಜೊತೆ ಪಾಚಿಗೇನು ಹೋಲಿಕೆ, ಅದೂ ದಾರಿಬದಿಯ ಗಿಡದ ಜೊತೆ, ಎಂದರು. ಅವಳು ಅಂಕಿಗಳನ್ನು ಮುಂದಿಟ್ಟಳು. ಅವರು ಎರಡು ತಿಂಗಳ ಅಂಕಿ ಸಾಲದು ಎಂದರು, ಆದರೆ ಬೇಡವೆಂದೂ ಹೇಳಲಿಲ್ಲ.

ಅಕ್ಟೋಬರಿನ ಸೆಮಿನಾರಿನಲ್ಲಿ ಅವಳು ಇದನ್ನೇ ಮಂಡಿಸಿದಳು. ಮುಗಿದ ಮೇಲೆ ಸಸ್ಯರೋಗದ ಪಾಠ ಮಾಡುವ ಮೇಷ್ಟ್ರು ಎದ್ದು, ನಗುನಗುತ್ತಲೇ, ಪಾಚಿಯ ಭಾಗ ಚೆನ್ನಾಗಿದೆ, ಆದರೆ ತಂಗಡಿ ಮೇಲೆ ಇಷ್ಟು ಪ್ರೀತಿ ಯಾಕೆ ಬಂತು ಅಂತ ಅರ್ಥವಾಗಲಿಲ್ಲ, ಬಹುಶಃ ಮನೆ ಕಡೆ ಅದರ ಬಳಕೆ ಜಾಸ್ತಿ ಇರಬೇಕು, ಎಂದರು. ಹಿಂದಿನ ಬೆಂಚಿನಲ್ಲಿ ಇಬ್ಬರು ಮೂವರು ತಲೆ ತಗ್ಗಿಸಿ ನಕ್ಕರು. ಆ ಮಾತು ಎಲ್ಲಿಗೆ ಗುರಿಯಿಟ್ಟದ್ದೆಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು.

ಸಂಘಮಿತ್ರಾ ಕೈಯಲ್ಲಿದ್ದ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟಳು.

"ಹೌದು ಸಾರ್, ಜಾಸ್ತಿ ಇತ್ತು," ಎಂದಳು. "ನಮ್ಮ ತಾತ ಅದರ ಚಕ್ಕೇಲಿ ಚರ್ಮ ಹದ ಮಾಡ್ತಿದ್ರು. ನಲವತ್ತು ವರ್ಷ ಆ ಬಂಡೆ ಹತ್ರ ಓಡಾಡಿದ್ದಾರೆ. ಆ ಪಾಚಿ ಯಾವಾಗ ಸಾಯುತ್ತೆ ಅಂತ ನಮ್ಮ ಅಜ್ಜಿಗೆ ಗೊತ್ತಿದೆ, ಈ ರೂಮಲ್ಲಿ ಯಾರಿಗೂ ಗೊತ್ತಿಲ್ಲ. ಆ ಪಾಯಿಂಟ್ ಮೇಲೆ ಪ್ರಶ್ನೆ ಇದ್ರೆ ಕೇಳಿ."

ಅವಳು ಮೇಡಂ ಕಡೆ ನೋಡಿದಳು. ಮೇಡಂ ತಮ್ಮ ಫೈಲು ತಿರುವುತ್ತಿದ್ದರು. ಮೇಷ್ಟ್ರ ಮಾತಿಗಿಂತ ಅದು ಅವಳಿಗೆ ಹೆಚ್ಚು ನಾಟಿತು.

ಡಿಸೆಂಬರಿನಲ್ಲಿ ಪಾಚಿಯ ರಕ್ಷಣೆಗೆಂದು ಕಾಲೇಜಿಗೆ ಅನುದಾನ ಬಂತು. ಬಂಡೆಯ ಸುತ್ತ ತಂತಿಬೇಲಿ ಹಾಕಬೇಕು, ಫಲಕ ನಿಲ್ಲಿಸಬೇಕು, ಎಲ್ಲ ಮಾರ್ಚಿನೊಳಗೆ ಮುಗಿಯಬೇಕು. ಅದರ ಜೊತೆಗೆ ಬುಡದ ಪೊದೆಗಳನ್ನೆಲ್ಲ ಸವರಿ ಜಾಗ ಚೊಕ್ಕಟ ಮಾಡುವುದೆಂದು ಕಾಲೇಜಿನ ಸಮಿತಿ ತೀರ್ಮಾನಿಸಿತು. ಸಂಘಮಿತ್ರಾ ಮೇಡಂ ಕೊಠಡಿಗೆ ಹೋಗಿ ಗಿಡ ಕಡಿದರೆ ಪಾಚಿ ಉಳಿಯುವುದಿಲ್ಲ ಎಂದಳು. ಮೇಡಂ ಸಹನೆಯಿಂದಲೇ ವಿವರಿಸಿದರು. ಪೊದೆಯಿದ್ದರೆ ಸೌದೆಯವರು ಬರುತ್ತಾರೆ, ಮೇಕೆ ನುಗ್ಗುತ್ತವೆ, ತಂಗಡಿಯ ಬೇರು ಬಂಡೆ ಸೀಳುತ್ತದೆ, ನೋಡಲು ಬರುವವರಿಗೆ ಪಾಚಿ ಕಾಣಬೇಡವೇ. ಅವಳು ಪ್ರಿನ್ಸಿಪಾಲರಿಗೆ ಎರಡು ಪುಟದ ಕಾಗದ ಬರೆದು ಅಂಕಿಗಳನ್ನು ಲಗತ್ತಿಸಿ ಕೊಟ್ಟಳು. ಉತ್ತರ ಬರುತ್ತದೆಂದು ಮೂರು ವಾರ ಕಾದಳು.

ಸಂಕ್ರಾಂತಿ ಕಳೆದ ಸೋಮವಾರ ಅಜ್ಜಿ ಮೊಮ್ಮಗಳು ಹಳ್ಳ ದಾಟುತ್ತಿದ್ದಾಗ ಮಚ್ಚಿನ ಸದ್ದು ಕೇಳಿಸಿತು. ಸಂಘಮಿತ್ರಾ ಓಡಿದಳು. ಪಡುವಣ ಬದಿಯ ಗಿಡಗಳೆಲ್ಲ ಆಗಲೇ ನೆಲಕ್ಕೆ ಬಿದ್ದಿದ್ದವು. ಐದು ತೇಪೆಗಳು ಬಿಸಿಲಿಗೆ ಬತ್ತಲಾಗಿದ್ದವು. ಆರು ಮಂದಿ ಕೆಲಸದವರು ಮೂಡಣ ಬದಿಗೆ ತಿರುಗಿದ್ದರು.

ಅವಳು ಹೋಗಿ ಅವರಿಗೂ ಗಿಡಗಳಿಗೂ ನಡುವೆ ನಿಂತಳು. ಮೇಸ್ತ್ರಿ ಗುರುಸಿದ್ದ ಬಾಗಲಕೋಟೆ ಕಡೆಯವನು, ಬಿ.ಟಿ.ಎಂ. ಲೇಔಟಿನಲ್ಲಿ ಬಾಡಿಗೆಗಿದ್ದು ಸಿಕ್ಕ ಗುತ್ತಿಗೆ ಮಾಡಿಸುತ್ತಿದ್ದವನು. ಅವನಿಗೆ ಈ ಹುಡುಗಿ ಯಾರೆಂದೇ ತಿಳಿಯಲಿಲ್ಲ.

"ನಾವೇನ್ ಮಾಡೂಣ್ರೀ ಅಕ್ಕಾರ," ಎಂದ. "ಕಾಲೇಜಿನವ್ರು ಕಡೀರಿ ಅಂದ್ರು, ಕಡಿಯಾಕತ್ತೀವಿ. ನೀವು ಅವ್ರ ಕೂಡ ಮಾತಾಡ್ರಿ."

"ಮಾತಾಡ್ತೀನಿ. ಫೋನ್ ಮಾಡಿ ಕರೀರಿ ಅವರನ್ನ. ಅಲ್ಲೀತನಕ ಮಚ್ಚು ಕೆಳಗಿಡಿ."

ಅಷ್ಟರಲ್ಲಿ ಮುನಿಯಕ್ಕ ಏದುಸಿರು ಬಿಡುತ್ತ ಬಂದಳು. ಬಿದ್ದ ಗಿಡಗಳನ್ನು ಒಮ್ಮೆ ನೋಡಿ, ಬುಟ್ಟಿ ಕೆಳಗಿಟ್ಟು, ನಿಂತಿದ್ದ ಮೊದಲ ಗಿಡದ ಬುಡದಲ್ಲಿ ಕಾಲು ಚಾಚಿ ಕೂತುಬಿಟ್ಟಳು. "ಕಡಿಯೋದಾದ್ರೆ ಕಡಿಯಪ್ಪ," ಎಂದಳು ಗುರುಸಿದ್ದನಿಗೆ. "ನಾನೇನೂ ಬೇಡ ಅನ್ನಲ್ಲ. ನನ್ನ ಕಾಲು ನೋಡ್ಕಂಡು ಕಡಿ." ಆಮೇಲೆ ಎಲೆಅಡಿಕೆ ಚೀಲ ಬಿಚ್ಚಿದಳು.

ಗುರುಸಿದ್ದ ತಲೆ ಕೆರೆದುಕೊಂಡು ಬಸ್‌ಸ್ಟಾಪಿನ ಟೆಲಿಫೋನ್ ಬೂತಿಗೆ ಹೋದ. ಅವನ ಕೆಲಸದ ಹೆಂಗಸೊಬ್ಬಳು ಅಜ್ಜಿಯ ಪಕ್ಕ ಬಂದು ಕೂತು, ತಮ್ಮೂರಿನಲ್ಲಿ ಈ ಹೂವನ್ನು ದೀಪಾವಳಿಗೆ ಸಗಣಿಯಲ್ಲಿ ಮಾಡಿಡುವ ಪಾಂಡವರಿಗೆ ಏರಿಸುತ್ತಾರೆ, ಬೆಳಿಗ್ಗೆಯಿಂದ ಕಡಿಯಲು ಮನಸ್ಸೇ ಬರುತ್ತಿರಲಿಲ್ಲ ಎಂದು ಹೇಳಿಕೊಂಡಳು. ಹಾಗಾದ್ರೆ ಯಾಕೆ ಕಡಿದೆ ಎಂದು ಕೇಳಿ ಮುನಿಯಕ್ಕ ಎಲೆಅಡಿಕೆಯನ್ನು ಅವಳ ಕಡೆ ಚಾಚಿದಳು.

ಒಂದು ಗಂಟೆಯ ಮೇಲೆ ವಾರಿಜಾ ಮೇಡಂ ಆಟೋದಲ್ಲಿ ಬಂದಿಳಿದರು. ಸೀರೆಯ ನೆರಿಗೆ ಎತ್ತಿ ಹಿಡಿದು ಕಲ್ಲುಗಳ ಮೇಲೆ ನಡೆದು ಬರುವಾಗಲೇ ಅವರ ಮುಖ ಕೆಂಪಾಗಿತ್ತು. ಕೆಲಸದವರೆದುರು ತಮ್ಮ ವಿಭಾಗದ ಮರ್ಯಾದೆ ತೆಗೆಯುತ್ತಿದ್ದೀಯ ಎಂದರು, ಅಜ್ಜಿಯನ್ನು ಕರೆತಂದು ನಾಟಕ ಮಾಡುತ್ತಿದ್ದೀಯ ಎಂದರು. ಸಂಘಮಿತ್ರಾ ಜಾಗ ಬಿಟ್ಟು ಕದಲಲಿಲ್ಲ.

"ಮೇಡಂ, ಆ ಕಡೆ ಐದು ಹೋಯ್ತು. ಈ ಕಡೆ ಆರಿದೆ. ಇದನ್ನ ಮುಟ್ಟಬೇಡಿ. ಬೇಸಿಗೆ ಕಳೀಲಿ, ಒಂದು ಮಳೆ ಬೀಳ್ಲಿ. ನೀವು ಹೇಳಿದ್ದೇ ಸರಿಯಾದ್ರೆ ಜೂನಲ್ಲಿ ನಾನೇ ಮಚ್ಚು ತಂದು ಕಡೀತೀನಿ."

"ನಾನು ಕಡಿಸ್ತೀನಿ ಅಂದ್ರೆ ಏನ್ಮಾಡ್ತೀಯ?"

"ಇಲ್ಲೇ ಇರ್ತೀನಿ. ನಾಳೆನೂ ಬರ್ತೀನಿ. ಪೇಪರ್‌ನವರಿಗೆ ಪಾಚಿ ತೋರಿಸಿದ್ದು ನಾನೇ, ಇದನ್ನೂ ತೋರಿಸ್ತೀನಿ."

ಮೇಡಂ ಬಿದ್ದ ಗಿಡಗಳತ್ತ ನೋಡಿದರು. ಆಮೇಲೆ ಗುರುಸಿದ್ದನ ಕಡೆ ತಿರುಗಿ, ಇಷ್ಟಕ್ಕೇ ನಿಲ್ಲಿಸಿ, ಬೇಲಿ ಹಾಕಿ ಹೋಗಿ ಎಂದರು. ಸಂಘಮಿತ್ರಾಳ ಮುಖ ನೋಡದೆ ಆಟೋ ಹತ್ತಿದರು. ಮರುದಿನದಿಂದ ಕಾಲೇಜಿನಲ್ಲಿ ಅವಳನ್ನು ಮಾತಾಡಿಸುವುದು ಬಿಟ್ಟರು.

ಬೇಲಿ ಬಂತು, ಬೀಗ ಬಂತು. ಅಳೆಯಲು ಹೋಗುವವಳೆಂದು ಗುರುಸಿದ್ದ ಒಂದು ಬೀಗದ ಕೈಯನ್ನು ಇವಳ ಕೈಗೇ ಕೊಟ್ಟುಹೋದ. ಫೆಬ್ರವರಿಯಿಂದ ಅವಳು ವಾರಕ್ಕೆ ಮೂರು ದಿನ ಹೋದಳು. ಮಾರ್ಚಿನ ಹೊತ್ತಿಗೆ ಎರಡೂ ಕಡೆಯ ತೇಪೆಗಳು ಒಣಗಿದವು. ಗಿಡದ ಹಿಂದಿನವು ಕಪ್ಪಗೆ ಸುರುಟಿಕೊಂಡವು, ಬತ್ತಲಾದವು ಮೊದಲು ಕಂದಾಗಿ ಆಮೇಲೆ ಬೂದಿಯ ಬಣ್ಣಕ್ಕೆ ತಿರುಗಿದವು. ಸೆಮಿನಾರಿನ ಮೇಷ್ಟ್ರು ಕಾರಿಡಾರಿನಲ್ಲಿ ಸಿಕ್ಕಿ, ಎರಡೂ ಕಡೆ ಒಣಗಿದೆಯಂತಲ್ಲ, ಪಾಚಿ ಒಣಗೋದು ಸಹಜ ತಾನೆ, ನೀರು ಬಿದ್ದರೆ ಎರಡೂ ಚಿಗುರುತ್ತೆ ಬಿಡಿ ಎಂದರು. ಅದು ತಪ್ಪೆಂದು ಹೇಳಲು ಅವಳಿಗೂ ಸಾಧ್ಯವಿರಲಿಲ್ಲ. ಒಣಗಿದ್ದಕ್ಕೂ ಸತ್ತದ್ದಕ್ಕೂ ಇರುವ ವ್ಯತ್ಯಾಸ ಮಳೆ ಬೀಳುವವರೆಗೆ ತಿಳಿಯುವುದಿಲ್ಲ. ಆ ಬೇಸಿಗೆಯಲ್ಲಿ ಅವಳು ಆಕಾಶ ನೋಡುವುದನ್ನೇ ಕಲಿತಳು. ಏಪ್ರಿಲಿನ ಮೋಡಗಳೆಲ್ಲ ಬನಶಂಕರಿಯ ಮೇಲೆ ಗುಡುಗಿ, ಬೇರೆಲ್ಲೋ ಸುರಿದು ಹೋದವು.

ಮೇ ಎರಡನೆಯ ವಾರದ ಒಂದು ಮಧ್ಯಾಹ್ನ ಅವಳು ಲ್ಯಾಬಿನಲ್ಲಿದ್ದಾಗ ಕಿಟಕಿ ಕಪ್ಪಾಯಿತು. ಚೀಲ ಎತ್ತಿಕೊಂಡು ಹೊರಗೆ ಬಂದರೆ ಬಾಗಿಲಲ್ಲಿ ವಾರಿಜಾ ಮೇಡಂ ಕೊಡೆ ಹಿಡಿದು ನಿಂತಿದ್ದರು. "ಆಟೋ ಸಿಕ್ಕಿದೆ, ಬಾ," ಎಂದರು. ನಾಲ್ಕು ತಿಂಗಳಲ್ಲಿ ಅವಳ ಜೊತೆ ಅವರು ಆಡಿದ ಮೊದಲ ಮಾತು ಅದು. ದಾರಿಯುದ್ದಕ್ಕೂ ಇಬ್ಬರೂ ಎದುರಿನ ಗಾಜು ನೋಡುತ್ತ ಕೂತಿದ್ದರು.

ಹಳ್ಳ ದಾಟುವಾಗ ದಪ್ಪ ಹನಿಗಳು ಶುರುವಾದವು. ಬೇಲಿಯ ಬೀಗ ತೆಗೆದು ಇಬ್ಬರೂ ಮೂಡಣ ಬದಿಗೆ ನುಗ್ಗಿದರು. ಬಂಡೆಯ ಮೇಲಿನಿಂದ ನೀರು ಎಳೆ ಎಳೆಯಾಗಿ ಇಳಿದು ತಂಗಡಿಯ ಹಿಂದಿನ ಕಪ್ಪು ತೇಪೆಗಳಿಗೆ ತಾಕಿತು. ನೋಡನೋಡುತ್ತಿದ್ದಂತೆ ಅವು ಬಿಚ್ಚಿಕೊಂಡವು. ಸುರುಟಿದ ಎಲೆಗಳು ಒಂದೊಂದೇ ಹೊರಳಿ ತೆರೆದವು. ಐದಾರು ನಿಮಿಷಕ್ಕೆ ಹಸಿರು, ಕಾಲು ಗಂಟೆಗೆ ಆ ತಾಮ್ರದ ಅಂಚು. ಆರಕ್ಕೆ ಆರೂ. ಸಂಘಮಿತ್ರಾ ಕೈಗಡಿಯಾರ ನೋಡಿ ಬರೆದುಕೊಳ್ಳುತ್ತಿದ್ದಳು, ನೋಟ್‌ಬುಕ್ಕು ತೊಯ್ದು ಅಕ್ಷರಗಳು ಕಲಸಿಹೋಗುತ್ತಿದ್ದವು.

ಆಮೇಲೆ ಪಡುವಣ ಬದಿಗೆ ಹೋದರು. ಅಲ್ಲಿ ಮಳೆ ನೇರವಾಗಿ ಬಂಡೆಗೆ ಹೊಡೆಯುತ್ತಿತ್ತು. ಎರಡು ತೇಪೆಗಳು ಬೂದಿಯ ಬಣ್ಣದಲ್ಲೇ ತೊಯ್ದು ಕೂತಿದ್ದವು. ಉಳಿದ ಮೂರು ಹಳೆಯ ಗೋಡೆಯ ಸುಣ್ಣದ ಹಾಗೆ ಹಾಳೆ ಹಾಳೆಯಾಗಿ ಎದ್ದು, ಅವರ ಕಣ್ಣೆದುರೇ ಕಳಚಿ ಕೆಸರಿಗೆ ಬಿದ್ದವು. ಮೇಡಂ ಕೊಡೆ ಬಿಸಾಕಿ ಕೆಸರಿನಿಂದ ಆ ಚೂರುಗಳನ್ನು ಆಯ್ದು ಸೆರಗಿನಲ್ಲಿ ಹಾಕಿಕೊಳ್ಳತೊಡಗಿದರು. ಅದರಿಂದ ಏನೂ ಆಗುವುದಿಲ್ಲವೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ.

ಗೆದ್ದೆ ಎಂದು ಸಂಘಮಿತ್ರಾಗೆ ಅನ್ನಿಸಲಿಲ್ಲ. ಸಿಟ್ಟು ಬಂದಿತ್ತು, ಅದರಲ್ಲಿ ಒಂದು ಪಾಲು ತನ್ನ ಮೇಲೂ ಇತ್ತು.

"ನಿಮಗೆ ಗೊತ್ತಿರ್ಲಿಲ್ಲ ಮೇಡಂ," ಎಂದಳು. "ನನಗೆ ಗೊತ್ತಿತ್ತು. ಗೊತ್ತಿದ್ದೂ ಕಾಗದ ಕೊಟ್ಟು ಉತ್ತರಕ್ಕೆ ಕಾದೆ. ಇನ್ಮೇಲೆ ಕಾಯಲ್ಲ."

ಹದಿನೈದು ದಿನ ಮತ್ತೆ ಮತ್ತೆ ಮಳೆ ಬಂದರೂ ಆ ಎರಡು ತೇಪೆಗಳು ಹಸಿರಾಗಲಿಲ್ಲ. ಸಂಘಮಿತ್ರಾ ಯಾರನ್ನೂ ಕೇಳದೆ, ಅಜ್ಜಿ ತಂದ ತಂಗಡಿ ಬೀಜಗಳನ್ನು ಪಡುವಣ ಬದಿಯಲ್ಲಿ ಊರಿದಳು. ಆಮೇಲೆ ಮನೆಯಲ್ಲಿ ಕೂತು ಪ್ರಾಜೆಕ್ಟ್ ಬರೆದು ಮುಗಿಸಿದಳು. ಮೂವತ್ತೆಂಟನೆಯ ಪುಟದಲ್ಲಿ ಒಂದು ವಾಕ್ಯವಿತ್ತು: ಜನವರಿಯಲ್ಲಿ ವಿಭಾಗವು ತಂಗಡಿ ಗಿಡಗಳನ್ನು ಕಡಿಸಿದ್ದರಿಂದ ಹನ್ನೊಂದು ತೇಪೆಗಳಲ್ಲಿ ಐದು ನಾಶವಾದವು, ಹೀಗಾಗುವುದೆಂದು ಡಿಸೆಂಬರಿನಲ್ಲೇ ಬರಹದ ಮೂಲಕ ತಿಳಿಸಲಾಗಿತ್ತು.

ಮೇಡಂ ಪ್ರಾಜೆಕ್ಟ್ ಓದಿ ಅವಳನ್ನು ಕೊಠಡಿಗೆ ಕರೆದರು. ತಂಗಡಿಯ ವಿಷಯದಲ್ಲಿ ನಾನು ತಪ್ಪು, ಅದನ್ನು ಒಪ್ಪುತ್ತೇನೆ, ಹೆಸರೂ ಇರಲಿ, ಹೋಲಿಕೆಯೂ ಇರಲಿ ಎಂದರು. ನಿನ್ನ ಅಜ್ಜಿಯ ಹೆಸರು ಹಾಕಿದ್ದೂ ಸರಿ ಎಂದರು. ಆ ಒಂದು ವಾಕ್ಯ ಮಾತ್ರ ಬೇಡ. ಅನುದಾನ ಕೊಟ್ಟವರು ಓದುತ್ತಾರೆ, ವಿಭಾಗಕ್ಕೆ ಮುಂದೆ ಏನೂ ಸಿಗುವುದಿಲ್ಲ, ಬೇಕಾದರೆ ಕಾರಣಾಂತರಗಳಿಂದ ನಾಶವಾದವು ಎಂದು ಬರೆ ಎಂದು ಕೇಳಿಕೊಂಡರು. ಅವರ ದನಿಯಲ್ಲಿ ಅಧಿಕಾರವಿರಲಿಲ್ಲ, ದಣಿವಿತ್ತು. ಅದೇ ಅವಳಿಗೆ ಕಷ್ಟವಾದದ್ದು. ಬೈದಿದ್ದರೆ ಸುಲಭವಾಗಿತ್ತು.

"ಕಾರಣ ಗೊತ್ತಿದೆ ಮೇಡಂ. ಅದನ್ನ ಬರೆಯೋಕೇ ತಾನೆ ನೀವು ನಮಗೆ ಕಲಿಸಿದ್ದು."

"ಆ ವಾಕ್ಯ ಇದ್ರೆ ನಾನು ಸೈನ್ ಹಾಕಲ್ಲ, ಸಂಘಮಿತ್ರಾ."

"ಹಾಗಾದ್ರೆ ಸೈನ್ ಹಾಕಲ್ಲ ಅಂತ ಬರೆದುಕೊಡಿ. ಯಾಕೆ ಅಂತಾನೂ ಬರೀರಿ. ಅದನ್ನೇ ಮೊದಲನೇ ಪುಟಕ್ಕೆ ಹಾಕಿ ಬೈಂಡ್ ಮಾಡಿಸ್ತೀನಿ."

ಅವಳು ಕುರ್ಚಿಯಲ್ಲಿ ಕೂತೇ ಇದ್ದಳು. ಹೊರಗೆ ಯಾವುದೋ ತರಗತಿ ಬಿಟ್ಟು ಹುಡುಗರ ಗದ್ದಲ ಎದ್ದು, ಮತ್ತೆ ಅಡಗಿತು. ಮೇಡಂ ಎರಡು ಸಲ ಪೆನ್ನು ಕೈಗೆತ್ತಿಕೊಂಡು ಕೆಳಗಿಟ್ಟರು. ಕೊನೆಗೆ ನಾಲ್ಕೂ ಪ್ರತಿಗಳ ಮೇಲೆ ಸಹಿ ಹಾಕಿ, ಅವಳ ಕಡೆ ನೂಕಿ, ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದವರು ಅಂಕಿಗಳ ಬಗ್ಗೆ ಕಡಿಮೆ, ಆ ವಾಕ್ಯದ ಬಗ್ಗೆ ಹೆಚ್ಚು ಕೇಳಿದರು. ವಿದ್ಯಾರ್ಥಿಯಾದವಳು ತನ್ನ ವಿಭಾಗದ ಮೇಲೆ ದೂರು ಬರೆಯುವುದು ವಿಜ್ಞಾನವೇ ಎಂದರು. ಐದು ತೇಪೆ ಸತ್ತದ್ದು ವಿಜ್ಞಾನ, ಯಾರಿಂದ ಸತ್ತದ್ದೆಂಬುದೂ ಅದರಲ್ಲೇ ಸೇರಿದೆ ಎಂದು ಅವಳು ಹೇಳಿದಳು. ಫಲಿತಾಂಶ ಬಂದಾಗ ಥಿಯರಿಯ ಪತ್ರಿಕೆಗಳಲ್ಲೆಲ್ಲ ಚೆನ್ನಾಗಿ ಬಂದಿತ್ತು, ಪ್ರಾಜೆಕ್ಟಿನಲ್ಲಿ ಪಾಸಾಗುವಷ್ಟೇ ಕೊಟ್ಟಿದ್ದರು. ಫಸ್ಟ್ ಕ್ಲಾಸ್ ನಾಲ್ಕು ಅಂಕದಲ್ಲಿ ತಪ್ಪಿತು. ಅದರೊಂದಿಗೆ ಪಿಎಚ್.ಡಿ. ಸೀಟಿನ ಆಸೆಯೂ.

ಪಾಪಯ್ಯ ಡಿಪೋಗೆ ರಜೆ ಹಾಕಿ ವಿಶ್ವವಿದ್ಯಾಲಯಕ್ಕೆ ಹೋಗಿ ಕೇಳುತ್ತೇನೆಂದು ಷರ್ಟು ಹಾಕಿಕೊಂಡು ನಿಂತ. ಅವಳು ಬೇಡವೆಂದಳು. ಅಂಕ ಅವರದು, ವಾಕ್ಯ ನನ್ನದು, ವಾಕ್ಯ ಲೈಬ್ರರಿಯಲ್ಲಿದೆ ಅಪ್ಪ, ಎಂದಳು. ಹೇಳಿದಷ್ಟು ಸುಲಭವಾಗಿರಲಿಲ್ಲ. ಆ ವಾರವಿಡೀ ಅವಳು ಸರಿಯಾಗಿ ಊಟ ಮಾಡಲಿಲ್ಲ, ಜೊತೆಯವರು ಯಾರು ಎಲ್ಲಿ ಸೇರಿದರೆಂದು ಕೇಳಿದಾಗಲೆಲ್ಲ ಎದೆ ಉರಿಯುತ್ತಿತ್ತು. ಮುನಿಯಕ್ಕ ಒಂದು ದಿನ, ಆ ನಾಕು ಅಂಕ ತಗಂಡು ಅವರು ಉಪ್ಪಿನಕಾಯಿ ಹಾಕ್ಕಳ್ಲಿ, ನೀನು ಏಳು, ಎಂದು ತಟ್ಟೆ ಮುಂದಿಟ್ಟಳು.

ಅವಳಿಗೆ ಬಿ.ಟಿ.ಎಂ. ಲೇಔಟಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರ್ ಕೆಲಸ ಸಿಕ್ಕಿತು. ಆದರೆ ಬಂಡೆಯನ್ನು ಬಿಡಲಿಲ್ಲ. ಪ್ರತಿವರ್ಷ ಮಳೆ ಶುರುವಾದ ಮೇಲೆ ಹೋಗಿ ತೇಪೆಗಳನ್ನು ಎಣಿಸಿ, ಒಂದೊಂದರ ಅಳತೆ ತೆಗೆದು, ಒಂದು ಪುಟದ ವರದಿಯನ್ನು ಕಾಲೇಜಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸುತ್ತಿದ್ದಳು. ತಲುಪಿತೆಂಬ ಚೀಟಿ ವಾಪಸು ಬರುತ್ತಿತ್ತು, ಬೇರೆ ಮಾತಿಲ್ಲ. ಅವಳೂ ಮಾತು ಬಯಸಿರಲಿಲ್ಲ. ಅಲ್ಲಿನ ಯಾರೂ ತಮಗೆ ಗೊತ್ತಿರಲಿಲ್ಲ ಎಂದು ಮತ್ತೆ ಹೇಳಬಾರದು, ಅಷ್ಟೇ. ಎರಡು ಸಾವಿರದಲ್ಲಿ ಆರು, ಮುಂದಿನ ವರ್ಷ ಆರು. ಬೀಜ ಊರಿದ ಕಡೆ ತಂಗಡಿ ಎದ್ದು ಸೊಂಟದೆತ್ತರಕ್ಕೆ ಬಂತು, ಪಾಚಿ ಅಲ್ಲಿಗೆ ಮರಳಲಿಲ್ಲ. ಬೇಲಿಯ ಹೊರಗೆ ಮನೆಗಳು ಒಂದೊಂದಾಗಿ ಮೇಲೆದ್ದವು. ಎರಡು ಸಾವಿರದ ಮೂರರಲ್ಲಿ ಪಕ್ಕದ ಸೈಟಿನವರು ಬೇಲಿ ಸರಿಸಲು ನೋಡಿದಾಗ ಅವಳ ವರದಿಗಳನ್ನು ಕಾಲೇಜಿನವರು ಕಚೇರಿಯೊಂದಕ್ಕೆ ಕೊಟ್ಟು ತಡೆ ತಂದರೆಂಬ ಸುದ್ದಿ ಬೇಲಿ ರಿಪೇರಿಗೆ ಹೋಗಿದ್ದ ಗುರುಸಿದ್ದನಿಂದ ಗೊತ್ತಾಯಿತು. ಕಾಲೇಜಿನವರು ಅವಳಿಗೆ ಹೇಳಿರಲಿಲ್ಲ.

ಎರಡು ಸಾವಿರದ ಐದರ ಜೂನ್ ಮೊದಲ ವಾರ, ಶಾಲೆ ಮುಗಿಸಿ ಬಸ್ಸಿಗೆ ಕಾಯುತ್ತಿದ್ದಾಗ ಅವಳ ಮೊಬೈಲ್ ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರು. ಎತ್ತಿದರೆ ವಾರಿಜಾ ಮೇಡಂ. ದನಿ ಮೊದಲಿಗಿಂತ ತೆಳುವಾಗಿತ್ತು. ಈ ತಿಂಗಳು ರಿಟೈರ್ ಆಗುತ್ತಿದ್ದೇನೆ, ಫೈಲುಗಳನ್ನೆಲ್ಲ ಜೋಡಿಸಿಡುತ್ತಿದ್ದೇನೆ, ನಿನ್ನ ವರದಿಗಳದ್ದೇ ಒಂದು ಫೈಲಿದೆ, ಲೈಬ್ರರಿಯಲ್ಲಿದ್ದ ನಿನ್ನ ಪ್ರಾಜೆಕ್ಟನ್ನೂ ಅದರ ಜೊತೆಗೇ ಇಡಿಸಿದ್ದೇನೆ ಎಂದರು.

"ಈ ವರ್ಷದ್ದು ಇನ್ನೂ ಬಂದಿಲ್ಲ," ಎಂದರು ಮೇಡಂ. "ನಾನು ಹೋಗೋದ್ರೊಳಗೆ ಅದನ್ನೂ ಸೇರಿಸೋಣ ಅಂತ. ಹೋದ ವರ್ಷದಷ್ಟೇ ಅಂತ ಬರೆದು ಕಳಿಸಿಬಿಡ್ತೀಯಾ?"

"ಇಲ್ಲ ಮೇಡಂ," ಎಂದಳು ಸಂಘಮಿತ್ರಾ. "ಮಳೆ ಬರ್ಲಿ. ಎಣಿಸಿ ಕಳಿಸ್ತೀನಿ."